ಅಘನಾಶಿನಿ ಕೊಳ್ಳ: ತೋಟದವರು, ಗಜನಿಯವರು, ಅಳಿವೆಯವರು ಒಂದೆಡೆ ಕೂರುವುದು ಯಾವಾಗ?

ತೋಟದಂಚು, ಸಿದ್ದಾಪುರ

ಅಘನಾಶಿನಿಗೆ ಅಣೆಕಟ್ಟು ಇಲ್ಲ ಎಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳಬೇಕಾದದ್ದೇ. ಶಿರಸಿಯ ಶಂಕರಹೊಂಡದಿಂದ ಒಂದು, ಮಂಜುಗುಣಿಯ ಕಡೆಯಿಂದ ಇನ್ನೊಂದು ಹಳ್ಳ ಹೊರಟು ಮುತ್ತಳ್ಳಿಯ ಬಳಿ ಕೂಡುತ್ತವೆ. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಘಟ್ಟ ಇಳಿದು, ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ ಕಡಲು ಸೇರುವ ತನಕ ಈ ಹೊಳೆಗೆ ದೊಡ್ಡ ಗೋಡೆ ಯಾವುದೂ ಎದುರಾಗುವುದಿಲ್ಲ. ಪಶ್ಚಿಮ ಘಟ್ಟದಲ್ಲಿ ಹೀಗೆ ಹರಿಯುವ ಹೊಳೆಗಳು ಎಷ್ಟು ಉಳಿದಿವೆ?

ಆದರೆ ಈ ಹೆಮ್ಮೆಯ ಮರೆಯಲ್ಲಿ ಒಂದು ವಿಷಯ ಮುಚ್ಚಿಹೋಗಿದೆ ಎಂಬುದು ನನ್ನ ದೂರು. ಅಣೆಕಟ್ಟು ಇಲ್ಲ, ಪಂಪ್‌ಸೆಟ್ ಇದೆ. ಮಾರ್ಚ್ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಎಷ್ಟೋ ಹಳ್ಳಗಳಲ್ಲಿ ಹರಿವು ನಿಂತು, ನೀರು ಗುಂಡಿಗಳಲ್ಲಿ ಮಾತ್ರ ಉಳಿಯುತ್ತದೆ. ಆ ಗುಂಡಿಗೂ ಎರಡು ಮೂರು ಪೈಪುಗಳು ಇಳಿದಿರುತ್ತವೆ. ಹಿಂದೆ ಕೊಳ್ಳದ ತಗ್ಗಿನಲ್ಲಿ ಭತ್ತದ ಗದ್ದೆಗಳಿದ್ದವು, ಅವಕ್ಕೆ ಮಳೆಗಾಲದ ನೀರೇ ಸಾಕಿತ್ತು. ಈಗ ಅಲ್ಲೆಲ್ಲ ಅಡಿಕೆ ಬಂದಿದೆ, ಅಡಿಕೆಗೆ ನೀರು ಬೇಕಾಗುವುದು ಹೊಳೆ ಸೊರಗಿದ ತಿಂಗಳುಗಳಲ್ಲಿಯೇ. ಅದೇ ವಾರಗಳಲ್ಲಿ ಕುಮಟಾ ತಾಲ್ಲೂಕಿನ ಹೊಳೆಸಾಲಿನ ಊರುಗಳಲ್ಲಿ ಬಾವಿಯ ನೀರು ಸವುಳಾಗುತ್ತದೆ. ಮೇಲಿನಿಂದ ಸಿಹಿನೀರಿನ ಒತ್ತು ಕಡಿಮೆಯಾದಷ್ಟೂ ಉಬ್ಬರದ ಉಪ್ಪುನೀರು ಒಳನಾಡಿಗೆ ಏರುತ್ತದೆ. ಇದರಲ್ಲಿ ನಮ್ಮ ಪಾಲು ಎಷ್ಟು ಎಂದು ನಾವೇ ಕೇಳಿಕೊಳ್ಳಬೇಡವೇ?

ಈ ಹೊಳೆಯ ನೀರನ್ನು ಬಯಲುಸೀಮೆಗೆ ಒಯ್ಯುವ ನದಿ ಜೋಡಣೆಯ ವಿರುದ್ಧ ಸಾವಿರಾರು ಜನ ಸೇರುತ್ತೇವೆ. ಬೇಸಿಗೆಯ ನೀರಿನ ಬಗ್ಗೆ ಘಟ್ಟದ ಮೇಲಿನವರೂ ಕೆಳಗಿನವರೂ ಎದುರುಬದುರು ಕುಳಿತು ಮಾತನಾಡಿದ್ದನ್ನು ನಾನು ಕಂಡಿಲ್ಲ. ಅಂಥದೊಂದು ಕೂಟ ಹೇಗಿರಬೇಕು ಎಂದು ಇಲ್ಲಿ ಚರ್ಚಿಸೋಣ.

ಗಜನಿ ಗದ್ದೆ, ಕುಮಟಾ

ಘಟ್ಟದ ಮೇಲಿನವರೊಬ್ಬರು ಈ ಮಾತನ್ನು ತಾವಾಗಿಯೇ ಎತ್ತಿದ್ದಕ್ಕೆ ನಿಜವಾಗಿ ಸಂತೋಷವಾಯಿತು. ನಮ್ಮ ಕಡೆಯ ಪರಿಸ್ಥಿತಿ ಮೇಲಿನ ಅನೇಕರಿಗೆ ಗೊತ್ತಿರಲಿಕ್ಕಿಲ್ಲ, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹೊಳೆ ಕಡಲು ಸೇರುವ ಅಳಿವೆಯ ದಂಡೆಯ ಗಜನಿ ಭೂಮಿ ಉಬ್ಬರದ ನೀರು ನುಗ್ಗುವ ತಗ್ಗು. ಜೂನ್ ಮಳೆ ಬಿದ್ದು ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಕಗ್ಗ ಎಂಬ ಭತ್ತದ ಬೀಜವನ್ನು ಮೊಳಕೆ ಬರಿಸಿ ಎರಚುತ್ತೇವೆ. ಕಗ್ಗಕ್ಕೆ ಗೊಬ್ಬರ ಬೇಡ, ಔಷಧಿ ಬೇಡ. ನೆರೆ ಬಂದು ಕೆಲವು ದಿನ ಮುಳುಗಿದರೂ ತಾಳಿಕೊಳ್ಳುತ್ತದೆ, ಸ್ವಲ್ಪ ಉಪ್ಪು ತಗುಲಿದರೂ ಸಾಯುವುದಿಲ್ಲ. ಕೊಯ್ಲು ಎಂದರೆ ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು ತೆನೆಯನ್ನಷ್ಟೇ ಕೊಯ್ಯುವುದು. ಹುಲ್ಲು ಅಲ್ಲಿಯೇ ನಿಲ್ಲುತ್ತದೆ. ಆಮೇಲೆ ಉಪ್ಪುನೀರು ಒಳಗೆ ಬಿಟ್ಟಾಗ ಆ ಹುಲ್ಲು ಕೊಳೆತು ಸಿಗಡಿಗೂ ಮೀನಿನ ಮರಿಗೂ ಆಹಾರವಾಗುತ್ತದೆ. ಒಂದೇ ಗದ್ದೆ ಆರು ತಿಂಗಳು ಅನ್ನ, ಆರು ತಿಂಗಳು ಮೀನು ಕೊಡುತ್ತಿತ್ತು.

ಇದೆಲ್ಲ ನಿಂತಿರುವುದು ಕಟ್ಟೆಯ ಮೇಲೆ. ಹಿಂದೆ ಕಟ್ಟೆ ಮಣ್ಣಿನದು, ಪ್ರತಿ ವರ್ಷ ಊರವರೇ ಸೇರಿ ಮೆತ್ತುತ್ತಿದ್ದರು, ಹೊರಮೈಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕಾವಲಿತ್ತು. ಬೊಂಬಾಯಿ ಪ್ರಾಂತ್ಯದ 1948ರ ಖಾರ್‌ಲ್ಯಾಂಡ್ ಕಾಯಿದೆಯ ಬಳಿಕ ಸರ್ಕಾರ ಕಲ್ಲಿನ ಕಟ್ಟೆ ಕಟ್ಟಿಸಿತು. ಕಟ್ಟೆ ಗಟ್ಟಿಯಾಯಿತು, ಊರವರು ಸೇರುವುದು ನಿಂತಿತು. ಈಗ ಕಟ್ಟೆ ಒಡೆದರೆ ಅರ್ಜಿ ಹಿಡಿದುಕೊಂಡು ಕಚೇರಿಗೆ ಅಲೆಯಬೇಕು. ಅರ್ಜಿಗೆ ಉತ್ತರ ಬರುವ ಮೊದಲು ಉಪ್ಪುನೀರು ಗದ್ದೆಗೆ ಬಂದಿರುತ್ತದೆ.

ನಮಗೆ ಬೇಕಾದದ್ದು ಎರಡು: ಮಳೆಗಾಲದಲ್ಲಿ ಉಪ್ಪು ತೊಳೆಯುವಷ್ಟು ಸಿಹಿನೀರು, ಬೇಸಿಗೆಯಲ್ಲಿ ಬಾವಿ ಉಳಿಯುವಷ್ಟು ಹರಿವು. ಎರಡೂ ಮೇಲಿನಿಂದಲೇ ಬರಬೇಕು.

ಸೊಪ್ಪಿನಬೆಟ್ಟ, ಶಿರಸಿ

ಮೊದಲ ಬರಹವನ್ನು ಒಪ್ಪುವುದಕ್ಕೆ ನನಗೆ ಕಷ್ಟವಾಗುತ್ತಿದೆ. ತೋಟಿಗರನ್ನು ಕಟಕಟೆಯಲ್ಲಿ ನಿಲ್ಲಿಸುವ ಮುನ್ನ ಈ ಕೊಳ್ಳವನ್ನು ಉಳಿಸಿದವರು ಯಾರು ಎಂದೂ ನೆನೆಯಬೇಕು. ಪಕ್ಕದ ಬೇಡ್ತಿ ಹೊಳೆಗೆ ಅಣೆಕಟ್ಟು ಬರುತ್ತದೆ ಎಂದಾಗ 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕರೆಸಿ, ಲಾಭ ನಷ್ಟದ ಲೆಕ್ಕವನ್ನು ಸಾರ್ವಜನಿಕವಾಗಿ ಮಂಡಿಸಿದವರು ಅಡಿಕೆ ಬೆಳೆಗಾರರು. ಆ ಯೋಜನೆ ನಿಂತಿತು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಆ ಕಾಡುಗಳು ಅಂದು ಬೋಳಾಗಿದ್ದರೆ ಇಂದು ನಾವು ಯಾವ ಬೇಸಿಗೆ ಹರಿವಿನ ಬಗ್ಗೆ ಮಾತನಾಡುತ್ತಿದ್ದೆವು?

ಬ್ರಿಟಿಷರ ಕಾಲದಿಂದ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ, ಸವಲತ್ತು ಇದೆ. ಬೆಟ್ಟ ಚೆನ್ನಾಗಿದ್ದರೆ ತೋಟದ ನೆತ್ತಿಯ ಮೇಲಿನ ಒರತೆ ಬತ್ತುವುದಿಲ್ಲ ಎಂಬುದು ತೋಟಿಗನಿಗೆ ಗೊತ್ತು. ಎಲ್ಲರೂ ಬೆಟ್ಟವನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ ಎಂದು ನಾನು ಹೇಳುತ್ತಿಲ್ಲ. ನೋಡಿಕೊಂಡವರೂ ಇದ್ದಾರೆ, ಅವರ ಬೆಟ್ಟದ ಬುಡದಲ್ಲಿ ಏಪ್ರಿಲಿನಲ್ಲಿಯೂ ನೀರು ಜಿನುಗುತ್ತದೆ.

ಇನ್ನು ಗಜನಿಯವರಿಗೆ ನನ್ನದೊಂದು ಪ್ರಶ್ನೆ. ಕಗ್ಗ ಕಡಿಮೆಯಾದದ್ದು ನಮ್ಮ ಪಂಪಿನಿಂದಲೇ? ನಿಮ್ಮ ಕಟ್ಟೆಯಲ್ಲಿ ನೀರು ಬಿಡುವ ಗೇಟಿನ ಮೀನುಗಾರಿಕೆ ಹಕ್ಕನ್ನು ಹರಾಜು ಹಾಕಿ ಗುತ್ತಿಗೆದಾರರ ಕೈಗೆ ಕೊಟ್ಟವರು ಯಾರು?

ಗಜನಿ ಗದ್ದೆ, ಕುಮಟಾ

ಪ್ರಶ್ನೆ ನ್ಯಾಯವಾಗಿದೆ, ನೇರವಾಗಿ ಉತ್ತರಿಸುತ್ತೇನೆ.

ಗೇಟಿನ ಬಳಿ ರಾತ್ರಿ ಒಮ್ಮೆ ನಿಂತು ನೋಡಿದರೆ ಎಲ್ಲವೂ ತಿಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಉಬ್ಬರದಲ್ಲಿ ಹಲಗೆಗಳನ್ನು ಎತ್ತುತ್ತಾರೆ. ನೀರು ಸದ್ದು ಮಾಡುತ್ತಾ ಗಜನಿಯೊಳಗೆ ನುಗ್ಗುತ್ತದೆ, ಜೊತೆಗೆ ಸಿಗಡಿಯ ಮರಿಗಳು. ಇಳಿತ ಶುರುವಾಗುವಾಗ ಗೇಟಿನ ಬಾಯಿಗೆ ಉದ್ದನೆಯ ಚೀಲದಂಥ ಬಲೆ ಕಟ್ಟುತ್ತಾರೆ. ಹೊರಗೆ ಹರಿಯುವ ನೀರು ಬಲೆಯನ್ನು ಸೆಟೆದು ನಿಲ್ಲಿಸುತ್ತದೆ. ಟಾರ್ಚಿನ ಬೆಳಕಿನಲ್ಲಿ ಸಿಗಡಿಯ ಕಣ್ಣುಗಳು ಕೆಂಪಗೆ ಹೊಳೆಯುತ್ತವೆ. ಒಳ್ಳೆಯ ರಾತ್ರಿಯಾದರೆ ಒಂದು ಬಲೆಯ ದುಡಿಮೆ ಕಗ್ಗದ ಒಂದು ಗದ್ದೆಯ ದುಡಿಮೆಯನ್ನು ಮೀರಿಸುತ್ತದೆ. ಗುತ್ತಿಗೆದಾರನಿಗೆ ಬೇಕಾದದ್ದು ಉಪ್ಪುನೀರು. ಬಿತ್ತನೆಗೆ ಬೇಕಾದದ್ದು ಉಪ್ಪು ತೊಳೆದ ಮಣ್ಣು. ಮೇ ಕೊನೆಯಲ್ಲಿ ಗೇಟು ಮುಚ್ಚಬೇಕಾದಾಗ ಜಗಳ ಏಳುವುದು ಇದೇ ಕಾರಣಕ್ಕೆ.

1990ರ ದಶಕದಲ್ಲಿ ಸಿಗಡಿ ಕೃಷಿಯ ಅಲೆ ಬಂದಾಗ ಬಹಳ ಜನ ಕಗ್ಗವನ್ನು ಕೈಬಿಟ್ಟರು. 1996ರಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ಸಿಗಡಿ ಕೆರೆಗಳ ಬಗ್ಗೆ ಕಟ್ಟುನಿಟ್ಟಿನ ತೀರ್ಪು ಕೊಟ್ಟಿತು, ಸಿಗಡಿಗೆ ರೋಗವೂ ಬಂದಿತು. ಆದರೆ ಬಿಟ್ಟ ಗದ್ದೆಗೆ ಮರಳುವುದು ಸುಲಭವಲ್ಲ. ಸುತ್ತಲಿನವರು ಪಾಳು ಬಿಟ್ಟಿರುವಾಗ ನಾನೊಬ್ಬನೇ ಬಿತ್ತಿದರೆ ಇಡೀ ಬಯಲಿನ ಹಕ್ಕಿಗಳು ನನ್ನ ತೆನೆಗೇ ಎರಗುತ್ತವೆ. ಕಗ್ಗವನ್ನು ಒಬ್ಬರೇ ಬೆಳೆಯಲಾಗುವುದಿಲ್ಲ, ಕಟ್ಟೆಯೊಳಗಿನ ಎಲ್ಲರೂ ಒಟ್ಟಿಗೆ ಬಿತ್ತಬೇಕು. ಮಾಣಿಕಟ್ಟೆಯ ಕಡೆ ರೈತರು ಹೀಗೆ ಒಗ್ಗೂಡಿ ಬೆಳೆಯಲು ಯತ್ನಿಸಿದ್ದಾರೆ, ಅವರ ಬಗ್ಗೆ ನನಗೆ ಬಹಳ ಗೌರವವಿದೆ.

ಆದ್ದರಿಂದ ನನ್ನ ಉತ್ತರ ಇದು: ಗೇಟಿನ ತಪ್ಪು ನಮ್ಮದು, ಅದನ್ನು ಸಭೆಯಲ್ಲಿ ಹೇಳಲು ನಾವು ಸಿದ್ಧ. ಪಂಪಿನ ಮಾತು ಬಂದಾಗ ನೀವೂ ಹೇಳಿ.

ಹೊಳೆಸಾಲು, ಹೊನ್ನಾವರ

ಶರಾವತಿಯ ಬಾಯಲ್ಲಿ ಕುಳಿತು ಇದನ್ನೆಲ್ಲ ಓದುತ್ತಿದ್ದೇನೆ. ನಮ್ಮ ಅನುಭವವನ್ನೂ ಸೇರಿಸಬೇಕು ಅನ್ನಿಸಿತು.

ಲಿಂಗನಮಕ್ಕಿ 1964ರಲ್ಲಿ ಮುಗಿಯಿತು. ಆಮೇಲೆ ಗೇರುಸೊಪ್ಪೆಯಲ್ಲಿ ಇನ್ನೊಂದು ಅಣೆಕಟ್ಟು ಬಂದಿತು. ಅಣೆಕಟ್ಟು ಬಂದರೆ ಅಳಿವೆಗೆ ಸಿಹಿನೀರು ಸಿಗುವುದಿಲ್ಲ ಎಂದು ಸಾಮಾನ್ಯವಾಗಿ ಎಲ್ಲರೂ ಭಾವಿಸುತ್ತಾರೆ. ನಮ್ಮಲ್ಲಿ ಆದದ್ದು ಅದರ ತದ್ವಿರುದ್ಧ. ವಿದ್ಯುದಾಗಾರ ನಡೆದಾಗಲೆಲ್ಲ ನೀರು ಬಿಡುತ್ತಾರೆ, ಬೇಸಿಗೆಯಲ್ಲಿಯೂ. ಉಪ್ಪಾಗಿರಬೇಕಾದ ತಿಂಗಳುಗಳಲ್ಲಿ ಅಳಿವೆ ಸಪ್ಪೆಯಾಯಿತು. ಉಪ್ಪಿನ ಏರಿಳಿತವನ್ನು ನಂಬಿದ್ದ ಬಳಚು ಎಂಬ ಚಿಪ್ಪುಜೀವಿ ಅಳಿವೆಯ ಬಾಯಿಯ ಕಡೆಗೆ ಸರಿಯಿತು, ಮೇಲಿನ ಭಾಗದಲ್ಲಿ ಅದರ ಸುಳಿವೇ ಇಲ್ಲದಂತಾಯಿತು. ಎರಡೂ ಅಳಿವೆಗಳನ್ನು ಅಧ್ಯಯನ ಮಾಡಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಘನಾಶಿನಿಯಲ್ಲಿ ಮೀನಿನ ಬಗೆಗಳು ಹೆಚ್ಚು, ಶರಾವತಿಯಲ್ಲಿ ಕಡಿಮೆ ಎಂದು ದಾಖಲಿಸಿದ್ದಾರೆ.

ಇದನ್ನು ಏಕೆ ಹೇಳಿದೆನೆಂದರೆ, ಅಳಿವೆಗೆ ಬೇಕಾದದ್ದು ಬರೀ 'ಹೆಚ್ಚು ನೀರು' ಅಲ್ಲ. ಮಳೆಗಾಲದಲ್ಲಿ ತುಂಬಿ ಬರಬೇಕು, ಬೇಸಿಗೆಯಲ್ಲಿ ಇಳಿಯಬೇಕು, ಆದರೆ ಸಾಯಬಾರದು. ಸಭೆಯಲ್ಲಿ ಇದನ್ನು ಬಲ್ಲವರೊಬ್ಬರು ಇರಲೇಬೇಕು. ಇಲ್ಲವಾದರೆ ನಾಳೆ ಯಾರೋ ಬಂದು ಸಣ್ಣ ಒಡ್ಡು ಕಟ್ಟಿ ಬೇಸಿಗೆಯಲ್ಲಿ ನೀರು ಬಿಡುತ್ತೇವೆ, ನಿಮ್ಮ ಸಮಸ್ಯೆ ಮುಗಿಯಿತು ಎನ್ನುತ್ತಾರೆ. ನಾವು ಆ ಮಾತಿನ ಬೆಲೆ ತೆತ್ತವರು.

ವೇದಾವತಿ ದಂಡೆ, ಹಿರಿಯೂರು

ನನ್ನನ್ನು ಇಲ್ಲಿ ಹೊರಗಿನವನೆಂದು ನೋಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ನದಿ ಜೋಡಣೆಯ ಕಾಗದದಲ್ಲಿ ಅಘನಾಶಿನಿಯ ನೀರು ಬರಬೇಕಾದದ್ದು ನಮ್ಮ ವೇದಾವತಿಗೆ. ನಮ್ಮ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಎಂದರೆ ಮೂರು ತಲೆಮಾರು. ತೆಂಗಿನ ತೋಟಗಳು ಒಣಗಿ ನಿಂತದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನೀರು ಸಮುದ್ರಕ್ಕೆ ಹರಿದು ವ್ಯರ್ಥವಾಗುತ್ತಿದೆ ಎಂದು ಯಾರಾದರೂ ವೇದಿಕೆಯ ಮೇಲೆ ಹೇಳಿದರೆ ನಮ್ಮ ಕಡೆ ಚಪ್ಪಾಳೆ ಬೀಳುತ್ತದೆ. ಆ ಚಪ್ಪಾಳೆಯ ಹಿಂದೆ ಸಂಕಟವಿದೆ, ದುರಾಸೆಯಲ್ಲ.

ಕಗ್ಗದ ವಿಷಯ ನನಗೆ ಇಂದು ಇಲ್ಲಿಯೇ ಮೊದಲ ಬಾರಿಗೆ ತಿಳಿಯಿತು. ಮಳೆಗಾಲದ ನೀರು ಉಪ್ಪು ತೊಳೆಯುವುದಕ್ಕೆ ಬೇಕು ಎಂಬುದನ್ನು ನಮಗೆ ಯಾರೂ ಹೇಳಿರಲಿಲ್ಲ. ನಿಮ್ಮ ಸಭೆಗೆ ನಮ್ಮಲ್ಲಿಂದಲೂ ಇಬ್ಬರು ಮೂವರನ್ನು ಕರೆಯಿರಿ. ಭದ್ರಾ ಮೇಲ್ದಂಡೆ ಯೋಜನೆ ಪೂರ್ತಿಯಾಗಲಿ, ನಮ್ಮ ಕೆರೆಗಳ ಹೂಳು ತೆಗೆಯಲಿ ಎಂದು ನೀವೂ ನಮ್ಮ ಜೊತೆ ದನಿಗೂಡಿಸಿದರೆ, ನಾವು ನಿಮ್ಮ ಹೊಳೆಯ ಬಗ್ಗೆ ಬೇರೆ ರೀತಿಯಲ್ಲಿ ಮಾತನಾಡಬಲ್ಲೆವು.

ತೋಟದಂಚು, ಸಿದ್ದಾಪುರ

ಹಿರಿಯೂರಿನವರ ಮಾತು ಓದಿ ಬಹಳ ಹೊತ್ತು ಯೋಚಿಸಿದೆ. ನಾವು ಮಾಡುವ ಪ್ರತಿಭಟನೆಗಳಲ್ಲಿ ಬಯಲುಸೀಮೆಯ ರೈತ ಬರುವುದು ಎದುರು ಪಕ್ಷದವನಾಗಿ ಮಾತ್ರ. ಇದನ್ನು ಬದಲಿಸಲೇಬೇಕು.

ಸೊಪ್ಪಿನಬೆಟ್ಟದವರೇ, ನಿಮ್ಮ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಬೇಡ್ತಿ, ಅಪ್ಪಿಕೋ ಎರಡೂ ನಮ್ಮ ಹಿರಿಯರ ಸಾಧನೆ. ಆದರೆ ಆ ಸಾಧನೆಯನ್ನು ನಮ್ಮ ಪೈಪಿಗೆ ರಕ್ಷಣೆಯಾಗಿ ಬಳಸಬಾರದು. ಹಿರಿಯರು ಹೋರಾಡಿದ್ದು ಹೊಳೆ ಹರಿಯಲಿ ಎಂದು.

ಮೇಲಿನವರಿಗೂ ಕೆಳಗಿನವರಿಗೂ ಕೊಡುಕೊಳ್ಳುವ ನಂಟು ಹೊಸದಲ್ಲ. ಈ ಹೊಳೆಯ ದಂಡೆಯ ಅಪ್ಪೆಮಿಡಿಯನ್ನೇ, ಉಪ್ಪಿನಕಾಯಿಯ ಮಾವಿನ ಮಿಡಿಯನ್ನೇ ನೋಡಿ. ಜೀರಿಗೆ ವಾಸನೆಯ ಮಿಡಿ, ಅನಂತಭಟ್ಟನ ಅಪ್ಪೆ, ಇನ್ನೂ ಎಷ್ಟೋ ಬಗೆ. ಮಿಡಿಯನ್ನು ನೆಲಕ್ಕೆ ಬೀಳಿಸದೆ, ತೊಟ್ಟು ಮುರಿಯದೆ, ಮರ ಹತ್ತಿ ಬುಟ್ಟಿಯಲ್ಲಿ ಇಳಿಸಬೇಕು. ತೊಟ್ಟಿನ ಸೊನೆಯಲ್ಲಿಯೇ ಅದರ ಪರಿಮಳವಿರುವುದು. ಅದನ್ನು ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು ಎಂದು ಹಾಕಿ ಚಿರುಟಲು ಬಿಡುತ್ತೇವೆ. ನಮ್ಮ ಮನೆಯಲ್ಲಿ ಆ ಉಪ್ಪು ಸಾಣಿಕಟ್ಟೆಯದೇ ಆಗಬೇಕು. ಅಂದರೆ ಇದೇ ಅಳಿವೆಯ ನೀರು ಆಗರದಲ್ಲಿ ಒಣಗಿ ಹರಳಾದದ್ದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಚಿಪ್ಪಿನ ಸುಣ್ಣ ಬಂದದ್ದೂ ಕರಾವಳಿಯಿಂದಲೇ. ಈಗ ಆ ದ್ರಾವಣದ ಮೈಲುತುತ್ತ ಮಳೆಯಲ್ಲಿ ತೊಳೆದು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನಾವು ಪರೀಕ್ಷೆ ಮಾಡಿಸಬೇಕು.

ನನ್ನ ಸಲಹೆ: ಒಂದೊಂದು ಹಳ್ಳದ ಸಾಲಿನಲ್ಲಿ ಫೆಬ್ರವರಿಯಿಂದ ಮೇವರೆಗೆ ಪಂಪಿಗೆ ಸರದಿ ಮಾಡಬೇಕು. ಹರಿವು ಒಂದು ಗುರುತಿಗಿಂತ ಕೆಳಗಿಳಿದರೆ ಎಲ್ಲರ ಪಂಪೂ ನಿಲ್ಲಬೇಕು. ಗುರುತು ಎಲ್ಲಿ ಎಂದು ಕೆಳಗಿನವರ ಎದುರಿನಲ್ಲಿಯೇ ನಿರ್ಧಾರವಾಗಲಿ. ಅದಕ್ಕೆ ಪ್ರತಿಯಾಗಿ ಗಜನಿಯವರು ಗೇಟು ಮುಚ್ಚುವ ದಿನವನ್ನು ಹರಾಜಿನ ಕರಾರಿನಲ್ಲಿಯೇ ಬರೆಸಲಿ.

ಸೊಪ್ಪಿನಬೆಟ್ಟ, ಶಿರಸಿ

ಸರದಿಗೆ ನನ್ನ ಒಪ್ಪಿಗೆ ಇದೆ. ಒಂದು ಷರತ್ತು: ಹೊಸದಾಗಿ ಗದ್ದೆ ಮುಚ್ಚಿ ತೋಟ ಮಾಡುವವರಿಗೂ ಹಳೆಯ ತೋಟದವರಿಗೂ ಒಂದೇ ನಿಯಮ ಹಾಕಬೇಡಿ. ಅರ್ಧ ಎಕರೆ ತೋಟದಲ್ಲಿ ಮಕ್ಕಳನ್ನು ಓದಿಸಿದವರ ಪಂಪು ಮೊದಲು ನಿಂತು, ದೊಡ್ಡವರ ಕೊಳವೆಬಾವಿ ನಡೆಯುತ್ತಲೇ ಇದ್ದರೆ ಅದು ನ್ಯಾಯವಲ್ಲ. ಹೊಳೆಯ ಪಂಪಿನ ಜೊತೆ ಹೊಳೆಬದಿಯ ಕೊಳವೆಬಾವಿಯೂ ಲೆಕ್ಕಕ್ಕೆ ಬರಬೇಕು.

ಶಿರಸಿಯ ಮಗಳು, ಬೆಂಗಳೂರು

ಅಘನಾಶಿನಿ ಅಳಿವೆಗೆ 2024ರ ಜನವರಿಯಲ್ಲಿ ಜೌಗು ಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸಾರ್ ಮಾನ್ಯತೆ ಸಿಕ್ಕಿತು, 4,801 ಹೆಕ್ಟೇರು. ಅದಕ್ಕೂ ಮೊದಲು, 2019ರಲ್ಲಿ ಮೇಲಿನ ಸಿಂಗಳೀಕದ ಕಾಡನ್ನು ಶರಾವತಿ ಕಣಿವೆಯ ಅಭಯಾರಣ್ಯದೊಂದಿಗೆ ಸೇರಿಸಿದರು. ನಕ್ಷೆಯಲ್ಲಿ ಮೇಲೊಂದು ಹಸಿರು ಬಣ್ಣ, ಕೆಳಗೊಂದು ನೀಲಿ ಬಣ್ಣ. ನಡುವಿನ ಹಳ್ಳ, ತೋಟ, ಗದ್ದೆ, ಊರು ಯಾವ ಬಣ್ಣಕ್ಕೂ ಸೇರಿಲ್ಲ. ಹೊಳೆಯ ಆರೋಗ್ಯ ನಿರ್ಧಾರವಾಗುವುದು ಆ ನಡುವಿನ ಭಾಗದಲ್ಲಿ.

ತದಡಿಗೆ 4,000 ಮೆಗಾವಾಟಿನ ಉಷ್ಣಸ್ಥಾವರ ಬರುತ್ತದೆ ಎಂದಾಗ ಕೆಳಗಿನವರ ಹೋರಾಟಕ್ಕೆ ಮೇಲಿನವರು ಹೋಗಿ ನಿಂತಿದ್ದರು. ಆದ್ದರಿಂದ ಇದು ಆಗದ ಕೆಲಸವಲ್ಲ. ದೊಡ್ಡ ಯೋಜನೆ ಎದುರಿಗೆ ಬಂದಾಗ ಕೂಡುವವರು ಸಣ್ಣ ವಿಷಯಕ್ಕೂ ಕೂಡಬಹುದು.

ಬಳಚು, ಅಳಿವೆ ದಂಡೆ

ಎಲ್ಲವನ್ನೂ ಓದಿದೆ. ತೋಟದವರಿದ್ದಾರೆ, ಗಜನಿಯ ಒಡೆಯರಿದ್ದಾರೆ, ಹಿರಿಯೂರಿನವರಿದ್ದಾರೆ. ನಾವಿಲ್ಲ.

ನನ್ನ ಅಮ್ಮ ಬಳಚು ಹೆಕ್ಕಿ ನನ್ನನ್ನು ಕಾಲೇಜಿಗೆ ಕಳುಹಿಸಿದವಳು. ನಮಗೆ ತೋಟವೂ ಇಲ್ಲ, ಗಜನಿಯೂ ಇಲ್ಲ. ಇಳಿತದಲ್ಲಿ ಹೊಳೆಯ ನಡುವೆ ಮರಳಿನ ದಿಬ್ಬ ಏಳುತ್ತದೆ, ಅದೇ ನಮ್ಮ ಹೊಲ. ಹೆಂಗಸರು ಸೊಂಟದವರೆಗಿನ ನೀರಿನಲ್ಲಿ ಪಾದದಿಂದ ತಡಕಿ ಚಿಪ್ಪು ಸಿಕ್ಕಿದ್ದನ್ನು ಗುರುತಿಸಿ, ಮುಳುಗಿ ಎತ್ತುತ್ತಾರೆ. ಅಂಗಾಲು ಸೀಳುತ್ತದೆ, ಉಪ್ಪುನೀರಿನಲ್ಲಿ ಗಾಯ ಬೇಗ ಮಾಯುವುದಿಲ್ಲ. ಹರಿಕಂತ್ರರು, ಅಂಬಿಗರು, ಹಾಲಕ್ಕಿಗಳು, ಇನ್ನೂ ಹಲವು ಜಾತಿಯವರು ಈ ಕೆಲಸದಲ್ಲಿದ್ದಾರೆ. ಯಾರ ಹೆಸರಿನಲ್ಲಿಯೂ ಪಹಣಿ ಇಲ್ಲ.

ಮರಳು ತೆಗೆಯುವ ದೋಣಿ ಒಂದು ದಿಬ್ಬಕ್ಕೆ ಕೈ ಹಾಕಿದರೆ ಅಲ್ಲಿ ಆಳದ ಗುಂಡಿ ಬೀಳುತ್ತದೆ. ಬಳಚು ಹೋಗುತ್ತದೆ. ನಿಂತು ಹೆಕ್ಕುವುದಕ್ಕೆ ನೆಲವೂ ಹೋಗುತ್ತದೆ, ಈಜು ಬಾರದವರ ಜೀವಕ್ಕೇ ಅಪಾಯ. ನಾವು ದೂರು ಕೊಟ್ಟಾಗ 'ನಿಮ್ಮ ಜಾಗ ಯಾವುದು, ದಾಖಲೆ ತೋರಿಸಿ' ಎಂದು ಕೇಳಿದರು. ಹೊಳೆಯ ತಳಕ್ಕೆ ಯಾರು ದಾಖಲೆ ಮಾಡಿಕೊಡುತ್ತಾರೆ?

ಗೇಟಿನ ಜಗಳದಲ್ಲಿಯೂ ನಮ್ಮ ಮಾತಿದೆ. ಮೊದಲು ಕಗ್ಗದ ಕೊಯ್ಲಾದ ಮೇಲೆ ಗಜನಿಯಲ್ಲಿ ಯಾರು ಬೇಕಾದರೂ ಕೈಯಲ್ಲಿ ಮೀನು ಹಿಡಿಯಬಹುದಾಗಿತ್ತು ಎಂದು ಅಮ್ಮ ಹೇಳುತ್ತಾಳೆ. ಹರಾಜು ಬಂದ ಮೇಲೆ ಕಟ್ಟೆಯ ಮೇಲೆ ಕಾವಲಿನವರು ನಿಲ್ಲತೊಡಗಿದರು. ನೀವು ಪಂಪಿಗೂ ಗೇಟಿಗೂ ಒಪ್ಪಂದ ಮಾಡಿಕೊಂಡರೆ ಒಡೆಯರಿಗೂ ಒಡೆಯರಿಗೂ ರಾಜಿಯಾಗುತ್ತದೆ. ನಮ್ಮ ಪಾಲು ಎಲ್ಲಿ?

ಗಜನಿ ಗದ್ದೆ, ಕುಮಟಾ

ಈ ಮಾತಿಗೆ ನಾನು ತಲೆಬಾಗುತ್ತೇನೆ. ಹರಾಜಿನ ಕರಾರಿನಲ್ಲಿ ಗೇಟಿನ ದಿನದ ಜೊತೆ ಇನ್ನೊಂದು ಸಾಲು ಬರಲಿ: ಗೇಟಿನ ಬಲೆ ಗುತ್ತಿಗೆದಾರನದು, ಗಜನಿಯೊಳಗಿನ ಕೈಮೀನು ಊರಿನದು. ನಮ್ಮ ಕಟ್ಟೆಯ ಸಂಘದಲ್ಲಿ ಇದನ್ನು ಮಂಡಿಸುವ ಹೊಣೆ ನನ್ನದು. ವಿರೋಧ ಬರುತ್ತದೆ, ಏಕೆಂದರೆ ಹರಾಜಿನ ಮೊತ್ತ ಇಳಿಯುತ್ತದೆ. ಆದರೂ ಮಂಡಿಸುತ್ತೇನೆ.

ತೋಟದಂಚು, ಸಿದ್ದಾಪುರ

ಹಾಗಾದರೆ ಸಭೆಯ ವಿಷಯಗಳು ಮೂರು: ಒಂದು, ಕೊಳವೆಬಾವಿಯನ್ನೂ ಸೇರಿಸಿ ಹಳ್ಳದ ಪಂಪಿನ ಸರದಿ; ಎರಡು, ಗೇಟಿನ ಕರಾರು; ಮೂರು, ಬಳಚಿನ ದಿಬ್ಬಗಳ ಗುರುತು ಮತ್ತು ಅಲ್ಲಿ ಮರಳು ತೆಗೆಯಬಾರದು ಎಂದು ಪಂಚಾಯಿತಿಗಳ ನಿರ್ಣಯ. ಹಿರಿಯೂರಿನವರು ಖಂಡಿತ ಬರಲಿ. ಜಾಗ ಕುಮಟಾ ಕಡೆಯೇ ಇರಲಿ. ಇಷ್ಟು ವರ್ಷ ಕೆಳಗಿನವರನ್ನು ನಾವು ಘಟ್ಟ ಹತ್ತಿಸಿ ಶಿರಸಿಗೆ ಕರೆಸಿಕೊಂಡದ್ದು ಸಾಕು, ಈ ಸಲ ನಾವು ಇಳಿಯುತ್ತೇವೆ. ಬರುವ ತಿಂಗಳ ಮೊದಲ ಭಾನುವಾರ ಆಗಬಹುದೇ?

ಬಳಚು, ಅಳಿವೆ ದಂಡೆ

ಭಾನುವಾರ ನೋಡಿ ದಿನ ಇಡಬೇಡಿ, ತಿಥಿ ನೋಡಿ ಇಡಿ. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ನೀರು ಚೆನ್ನಾಗಿ ಇಳಿಯುತ್ತದೆ, ಆಗ ಹೆಂಗಸರೆಲ್ಲ ಹೊಳೆಯಲ್ಲಿರುತ್ತಾರೆ. ಒಂದು ದಿನದ ದುಡಿಮೆ ಬಿಟ್ಟು ಸಭೆಗೆ ಬನ್ನಿ ಎಂದು ನಾನು ಯಾರನ್ನೂ ಕರೆಯಲಾರೆ. ಅಷ್ಟಮಿ, ನವಮಿಯ ಆಸುಪಾಸಿನಲ್ಲಿ ಇಳಿತ ಕಡಿಮೆ, ಬಳಚು ಹೆಕ್ಕುವುದಕ್ಕೆ ಆಗುವುದಿಲ್ಲ. ಆಗ ಇಟ್ಟರೆ ಅಮ್ಮನೂ ಬರುತ್ತಾಳೆ, ಓಣಿಯವರನ್ನೂ ಕರೆತರುತ್ತಾಳೆ. ಬೆಳಗ್ಗೆ ಹತ್ತು ಗಂಟೆಯ ಮೇಲೆ ಇಡಿ, ತದಡಿ ಕಡೆಯವರು ದೋಣಿ ದಾಟಿ ಬರಬೇಕು.